ಗೊಂಬೆ ಹಳೆಯದು, ಕೈ ಹೊಸದು

ಹಿರಿಯರು ತಾವು ಬಾಲ್ಯದಲ್ಲಿ ಮೆಚ್ಚಿದ ವಸ್ತುವೊಂದನ್ನು ಮಕ್ಕಳ ಮುಂದಿರಿಸುವಾಗ ಅವರ ಮನಸ್ಸಿನಲ್ಲಿ ಒಂದು ಅಳುಕು ಇದ್ದೇ ಇರುತ್ತದೆ. 'ಇದರಲ್ಲೇನಿದೆ?' ಎಂದು ಮಕ್ಕಳು ಮುಖ ತಿರುಗಿಸಿದರೆ ತಿರಸ್ಕೃತವಾಗುವುದು ಆ ವಸ್ತು ಮಾತ್ರವಲ್ಲ, ಹಿರಿಯರ ಬಾಲ್ಯವೂ ಹೌದು. ೨೦೧೧ರ ನವೆಂಬರಿನಲ್ಲಿ 'ದಿ ಮಪೆಟ್ಸ್' ಎಂಬ ಗೊಂಬೆಗಳ ಚಿತ್ರ ತೆರೆಕಂಡಾಗ ಅಮೆರಿಕದ ಅನೇಕ ತಂದೆತಾಯಿಗಳು ಈ ಅಳುಕನ್ನೂ ಇದಕ್ಕಿಂತ ಮಿಗಿಲಾದ ಸಂಭ್ರಮವನ್ನೂ ಹೊತ್ತು ಚಿತ್ರಮಂದಿರಕ್ಕೆ ನಡೆದರು. ಅಲ್ಲಿಯೇ ಹುಟ್ಟಿ ಬೆಳೆದ ನಮ್ಮ ಬಂಧುಗಳೊಬ್ಬರ ಕುಟುಂಬವೂ ಅವರಲ್ಲೊಂದು. ಬಿಡುಗಡೆಗೆ ತಿಂಗಳು ಮುಂಚಿತವಾಗಿಯೇ ಆ ಮನೆಯಲ್ಲಿ ಹಳೆಯ ಕಂತುಗಳ ಪ್ರದರ್ಶನ ಆರಂಭವಾಗಿತ್ತಂತೆ. ತಂದೆ ಕಲಿಸಿದ ಹಾಡನ್ನು ಮಕ್ಕಳೇ ಕೊನೆಗೆ ತಂದೆಗೆ ತಿದ್ದಿಕೊಟ್ಟರಂತೆ!

ಈ ಗೊಂಬೆಗಳನ್ನು ಅರಿಯದ ಓದುಗರಿಗಾಗಿ ಎರಡು ಮಾತು. ೧೯೫೫ರಲ್ಲಿ ಜಿಮ್ ಹೆನ್ಸನ್ ಎಂಬ ತರುಣರು ತಮ್ಮ ತಾಯಿಯ ಹಳೆಯ ಕೋಟಿನ ಬಟ್ಟೆಯಿಂದ ಗೊಂಬೆಯೊಂದನ್ನು ಹೊಲಿದು, ಟೇಬಲ್ ಟೆನಿಸ್ ಚೆಂಡನ್ನು ಹೋಳು ಮಾಡಿ ಅದಕ್ಕೆ ಕಣ್ಣಿರಿಸಿದರು. ಮುಂದೆ ಲೋಕಪ್ರಸಿದ್ಧವಾದ ಕರ್ಮಿಟ್ ಎಂಬ ಕಪ್ಪೆ ಅದೇ. ಅಮೆರಿಕದ ದೂರದರ್ಶನ ಜಾಲಗಳು ಒಲ್ಲೆವೆಂದ 'ದಿ ಮಪೆಟ್ ಶೋ' ಕಾರ್ಯಕ್ರಮಕ್ಕೆ ಇಂಗ್ಲೆಂಡಿನ ಲ್ಯೂ ಗ್ರೇಡ್ ಆಶ್ರಯವಿತ್ತರು. ೧೯೭೬ರಿಂದ ೧೯೮೧ರವರೆಗೆ ಅದರ ೧೨೦ ಕಂತುಗಳು ನೂರಕ್ಕೂ ಹೆಚ್ಚು ದೇಶಗಳನ್ನು ನಗಿಸಿದವು. ೧೯೯೦ರಲ್ಲಿ ಹೆನ್ಸನ್ನರು ೫೩ರ ಪ್ರಾಯದಲ್ಲೇ ತೀರಿಕೊಂಡರು. ೨೦೦೪ರಲ್ಲಿ ಈ ಗೊಂಬೆಗಳು ಡಿಸ್ನಿ ಸಂಸ್ಥೆಯ ಸೊತ್ತಾದವು. ೧೯೯೯ರ ಬಳಿಕ ೧೨ ವರ್ಷ ಅವು ಚಿತ್ರಮಂದಿರದ ಪರದೆಯನ್ನೇ ಕಂಡಿರಲಿಲ್ಲ.

ಇಂಥ ಪುನರುದಯವು ಹಳೆಯ ಮಮತೆಯನ್ನು ಹಣವಾಗಿಸುವ ವ್ಯಾಪಾರವಲ್ಲದೆ ಬೇರೇನಲ್ಲವೆಂಬ ಆಕ್ಷೇಪವುಂಟು. ಮಿಸ್ ಪಿಗ್ಗಿ ಎಂಬ ಹಂದಿಗೆ ಬಹುಕಾಲ ಜೀವ ತುಂಬಿದ್ದ ಫ್ರ್ಯಾಂಕ್ ಆಝ್ ಅವರೇ ಚಿತ್ರಕಥೆ ಒಪ್ಪಿಗೆಯಾಗದೆ ದೂರ ಉಳಿದರು. ಈ ಆಕ್ಷೇಪವನ್ನು ನಾವು ಹಗುರಾಗಿ ಕಾಣುವುದಿಲ್ಲ. ಆದರೆ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಅನೇಕ ವರ್ಷ ಕುಳಿತ ನಮಗೆ ವ್ಯಾಪಾರವೇ ಪಾಪವೆಂದು ತೋರುವುದಿಲ್ಲ. ಹಣ ಪಡೆದು ಬಡಿಸಿದ ಊಟದಿಂದಲೂ ಹಸಿವು ತಣಿಯುತ್ತದೆ. ಕೇಳಬೇಕಾದುದು, ಬಡಿಸಿದ್ದರಲ್ಲಿ ಹಳೆಯ ರುಚಿ ಉಳಿದಿದೆಯೇ ಎಂಬುದನ್ನು.

ಹೆನ್ಸನ್ನರ ಬಳಿಕ ಕರ್ಮಿಟ್ಟಿನೊಳಗೆ ಕೈಯಿಟ್ಟವರು ಅವರ ತಂಡದಲ್ಲೇ ಪಳಗಿದ್ದ ಸ್ಟೀವ್ ವಿಟ್ಮೈರ್. ೨೦೧೭ರಿಂದ ಅದು ಮ್ಯಾಟ್ ವೋಗೆಲರ ಕೈಗೆ ಬಂದಿದೆ. ಧ್ವನಿಯಲ್ಲಿ ಕಿಂಚಿತ್ ವ್ಯತ್ಯಾಸವನ್ನು ಬಲ್ಲವರು ಗುರುತಿಸುತ್ತಾರೆ. ಮಕ್ಕಳಿಗೆ ಕಪ್ಪೆ ಕಪ್ಪೆಯೇ. ಹೆಸರುವಾಸಿಯಾದ ಹೋಟೆಲಿನ ಹಳೆಯ ಅಡುಗೆಯ ಭಟ್ಟರು ಊರಿಗೆ ಮರಳಿದ ಮೇಲೂ ಸಾಂಬಾರಿನ ರುಚಿ ನಿಂತಿದ್ದರೆ, ಅವರು ಇದ್ದಾಗಲೇ ಪಕ್ಕದಲ್ಲಿ ಒಬ್ಬ ಹುಡುಗನನ್ನು ನಿಲ್ಲಿಸಿಕೊಂಡಿದ್ದರೆಂದೇ ಅರ್ಥ. ಬೀದಿಯ ಬೋರ್ಡು ಆ ರುಚಿಯನ್ನು ಉಳಿಸಲಾರದು. ಬಟ್ಟೆಯ ಕಪ್ಪೆಯನ್ನು ಉಳಿಸಿದ್ದೂ ಚಿತ್ರದ ಜಾಹೀರಾತಲ್ಲ, ಸಿದ್ಧವಾಗಿದ್ದ ಆ ಎರಡನೆಯ ಕೈ.

ಈ ಮಾತು ನಮ್ಮವರಿಗೂ ತಟ್ಟಬೇಕಾದುದು. ಕುಂದಾಪುರದ ಬಳಿಯ ಉಪ್ಪಿನಕುದ್ರುವಿನಲ್ಲಿ ಯಕ್ಷಗಾನದ ವೇಷ ತೊಟ್ಟ ಸೂತ್ರದ ಗೊಂಬೆಗಳು ಇಂದಿಗೂ ಕುಣಿಯುತ್ತಿವೆ. ಕೊಗ್ಗ ದೇವಣ್ಣ ಕಾಮತರ ಕೈಯಲ್ಲಿದ್ದ ದಾರವನ್ನು ಅವರ ಪುತ್ರ ಭಾಸ್ಕರ ಕಾಮತರು ಹಿಡಿದಿದ್ದಾರೆ. ಉತ್ತರಕ್ಕೆ ಹೋದರೆ, ಕೊಪ್ಪಳ ಜಿಲ್ಲೆಯ ತೊಗಲುಗೊಂಬೆಯಾಟದ ವಯೋವೃದ್ಧೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ೨೦೨೫ರಲ್ಲಿ ಪದ್ಮಶ್ರೀ ಲಭಿಸಿತು. ಇವರ ಬೆನ್ನಿಗೆ ಡಿಸ್ನಿಯಂಥ ಸಂಸ್ಥೆಯಿಲ್ಲ, ಇರಬೇಕಾದವರು ನಾವು. ಪರದೇಶದ ಕಪ್ಪೆಗಾಗಿ ನಮ್ಮ ಮಕ್ಕಳು ನಲಿಯುವುದರಲ್ಲಿ ನಮಗೆ ಎಳ್ಳಷ್ಟೂ ಅಸೂಯೆಯಿಲ್ಲ. ಗೊಂಬೆಯನ್ನು ಕಂಡು ನಲಿಯಬಲ್ಲ ಮಗು ನಮ್ಮ ಗೊಂಬೆಯನ್ನು ಕಂಡೂ ನಲಿದೀತು. ಆದರೆ ತೋರಿಸದೆ ಇದ್ದುದನ್ನು ಅದು ಮೆಚ್ಚುವುದಾದರೂ ಹೇಗೆ?

ಆದುದರಿಂದ ಮುಂಬಯಿ, ಪುಣೆಗಳ ನಮ್ಮ ಸಂಘಗಳಲ್ಲಿ ಒಂದು ವಿನಂತಿ. ವಾರ್ಷಿಕೋತ್ಸವದ ಆರ್ಕೆಸ್ಟ್ರಾಕ್ಕೆ ತೆಗೆದಿರಿಸುವ ಹಣದಲ್ಲಿ ಒಂದು ವರ್ಷ ಗೊಂಬೆಯಾಟದ ಮೇಳವನ್ನು ಕರೆಸಿರಿ. ಪ್ರಯಾಣದ ವೆಚ್ಚದೊಡನೆ ಯೋಗ್ಯ ಸಂಭಾವನೆಯನ್ನೂ ನೀಡಿರಿ. ಬರಿಯ ಶಾಲು, ಹಾರಗಳಿಂದ ಕಲಾವಿದರ ಮನೆಯ ಒಲೆ ಉರಿಯದು. ಆಟ ಮುಗಿದ ಮೇಲೆ ಒಂದು ಗಂಟೆ ಮಕ್ಕಳನ್ನು ರಂಗದ ಹಿಂದಕ್ಕೆ ಬಿಟ್ಟು, ಕಲಾವಿದರ ಒಪ್ಪಿಗೆ ಪಡೆದು, ಅವರ ಬೆರಳಿಗೂ ಆ ದಾರವನ್ನು ಕೊಡಿಸಿರಿ. ನೂರು ಮಕ್ಕಳಲ್ಲಿ ಒಂದು ಮಗು ಅದನ್ನು ಬಿಡಲೊಲ್ಲೆನೆಂದರೂ ಸಾಕು, ಕೊಟ್ಟ ಹಣ ಸಾರ್ಥಕ.