ಹುಡುಗರನ್ನು ಹಿರಿಯರ ಕಟಕಟೆಗೆ ಏರಿಸುವದೇತಕ್ಕೆ?

ಅಂಕೋಲೆ ತಾಲೂಕಿನ ಹಟ್ಟಿಕೇರಿಯಂಥ ಊರೊಂದರಲ್ಲಿ ಹದಿನೇಳು ವರ್ಷದ ಹುಡುಗನೊಬ್ಬನು ಅದೇ ವಯಸ್ಸಿನ ಹುಡುಗಿಯೊಡನೆ ಮನೆ ಬಿಟ್ಟು ಹೋದನೆಂದು ಭಾವಿಸೋಣ. ಹುಡುಗಿಯ ತಂದೆಯು ಠಾಣೆಯಲ್ಲಿ ಫಿರ್ಯಾದು ಕೊಡುವನು. ನಾಲ್ಕು ದಿನಗಳಲ್ಲಿ ಇಬ್ಬರೂ ಸಿಕ್ಕುವರು. ತಾನು ಒಪ್ಪಿಯೇ ಹೋದೆನೆಂದು ಹುಡುಗಿಯು ಹೇಳಿದರೂ ಕಾಯಿದೆಯ ಕಣ್ಣಿಗೆ ಅದು ಒಪ್ಪಿಗೆಯಲ್ಲ. ದೇಹಸಂಬಂಧವಾಗಿದ್ದರೆ 2012ರ ಪೋಕ್ಸೋ ಕಾಯಿದೆಯ ಮೇರೆಗೆ ಕನಿಷ್ಠ ಶಿಕ್ಷೆಯು, 2019ರ ತಿದ್ದುಪಡಿಯ ತರುವಾಯ, ಹತ್ತು ವರ್ಷ. ಏಳು ವರ್ಷಕ್ಕೆ ಕಡಿಮೆಯಿಲ್ಲದ ಕನಿಷ್ಠ ಶಿಕ್ಷೆಯುಳ್ಳ ಕೃತ್ಯಕ್ಕೆ 2015ರ ಬಾಲನ್ಯಾಯ ಕಾಯಿದೆಯು ‘ಘೋರ ಅಪರಾಧ’ವೆಂದು ಹೆಸರಿಟ್ಟಿದೆ. ಹದಿನಾರು ತುಂಬಿದವನು ಅಂಥ ಆರೋಪಕ್ಕೆ ಗುರಿಯಾದರೆ ಅವನನ್ನು ಪ್ರಾಯಸ್ಥನಂತೆ ವಿಚಾರಿಸಲು ಅದೇ ಕಾಯಿದೆಯ 15ನೆಯ ಕಲಮು ದಾರಿ ತೆರೆದಿದೆ. ಮೀಸೆ ಮೂಡದ ಹುಡುಗನ ಅವಿವೇಕವೂ ಪಳಗಿದ ಪಾತಕಿಯ ಕೃತ್ಯವೂ ಒಂದೇ ಹೆಸರಿನಲ್ಲಿ ಕೂಡುವ ಬಗೆಯಿದು.

ಈ ಕಲಮು ಹುಟ್ಟಿದ ಸಂದರ್ಭವನ್ನು ವಾಚಕರು ಮರೆತಿರಲಾರರು. 2012ರ ದಿಲ್ಲಿಯ ಭೀಕರ ಕೃತ್ಯದಲ್ಲಿ ಆರೋಪಿತರ ಪೈಕಿ ಒಬ್ಬನು ಹದಿನೆಂಟು ತುಂಬದವನಾಗಿದ್ದನು. ದೇಶಕ್ಕೆ ದೇಶವೇ ಕುದಿಯಿತು, ಕುದಿಯಬೇಕಾದದ್ದೇ. ಆದರೂ 2013ರ ಜನವರಿಯಲ್ಲಿ ನ್ಯಾಯಮೂರ್ತಿ ವರ್ಮಾ ಸಮಿತಿಯು ವಯಸ್ಸಿನ ಮೇರೆಯನ್ನು ಹದಿನಾರಕ್ಕೆ ಇಳಿಸಕೂಡದೆಂದು ಸ್ಪಷ್ಟವಾಗಿ ಹೇಳಿತು. ಅದೇ ವರ್ಷ ಸುಪ್ರೀಂ ಕೋರ್ಟು ಮೇರೆಯನ್ನು ಬದಲಿಸಲು ಒಪ್ಪಲಿಲ್ಲ. 2015ರಲ್ಲಿ ಪಾರ್ಲಿಮೆಂಟಿನ ಸ್ಥಾಯೀ ಸಮಿತಿಯೂ ಹೊಸ ಕಲಮನ್ನು ಒಪ್ಪಲಿಲ್ಲ. ಇಷ್ಟಿದ್ದೂ ಆ ಅಪರಾಧಿಯು ಬಿಡುಗಡೆಯಾದ ಎರಡೇ ದಿನಗಳಲ್ಲಿ, ಡಿಸೆಂಬರ್ 22ರಂದು, ರಾಜ್ಯಸಭೆಯು ಮಸೂದೆಗೆ ಮುದ್ರೆಯೊತ್ತಿತು. ಕಾಯಿದೆಯು ಕೋಪದ ಕೂಸಾದರೆ ಅದರ ಬಾಳು ವಿವೇಕದ್ದಾಗುವದು ಕಷ್ಟ.

ಹುಡುಗರಿಂದಲೇ ನಾಡು ಕೆಡುತ್ತಿದೆಯೆಂಬ ಮಾತಿಗೆ ಅಂಕಿಗಳ ಆಧಾರವಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆಯ ಲೆಕ್ಕದಂತೆ 2022ರಲ್ಲಿ ದೇಶದಲ್ಲೆಲ್ಲ ದಾಖಲಾದ ಅಪರಾಧಗಳು 58 ಲಕ್ಷಕ್ಕೂ ಮಿಕ್ಕಿದವು. ಹದಿನೆಂಟರೊಳಗಿನವರ ಮೇಲಿನ ಪ್ರಕರಣಗಳು 30,555. ನೂರಕ್ಕೆ ಒಂದೂ ಇಲ್ಲ.

ಎಳೆಯರನ್ನು ಬೇರೆಯಾಗಿ ಕಾಣಬೇಕೆಂಬುದು ನಿನ್ನೆ ಮೊನ್ನೆಯ ಸಡಿಲ ಮನಸ್ಸಿನ ಮಾತೂ ಅಲ್ಲ. ನಮ್ಮ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದಾಗಲೇ, 1924ರಲ್ಲಿ, ಆ ಪ್ರಾಂತಕ್ಕೆ ಮಕ್ಕಳ ಕಾಯಿದೆಯೊಂದು ಬಂದಿತ್ತು; ತರುಣ ಅಪರಾಧಿಗಳನ್ನು ಸೆರೆಮನೆಯಿಂದ ಬೇರಿರಿಸಲು ಧಾರವಾಡದಲ್ಲಿ ಬೋರ್ಸ್ಟಲ್ ಶಾಲೆ ನಡೆದಿತ್ತು. 1942ರಲ್ಲಿ ಈಸೂರಿನ ಜನರು ತಮ್ಮ ಸ್ವತಂತ್ರ ಸರಕಾರಕ್ಕೆ ಹುಡುಗರನ್ನೇ ಅಮಲ್ದಾರ, ಸಬ್ ಇನ್‌ಸ್ಪೆಕ್ಟರರನ್ನಾಗಿ ಆರಿಸಿದರು. ಎಳೆಯರನ್ನು ಸೆರೆಗೆ ತಳ್ಳಲಾರರೆಂಬುದೇ ಅವರ ಎಣಿಕೆ. ಅಂದಿನ ಸರಕಾರದಿಂದಲೂ ಜನರು ನಿರೀಕ್ಷಿಸಿದ ಕನಿಕರವನ್ನು ಸ್ವರಾಜ್ಯದಲ್ಲಿ ನಾವು ಕಡಿಮೆ ಮಾಡುವದು ಯಾವ ಪುರುಷಾರ್ಥ? 1930ರಲ್ಲಿ ಉಪ್ಪಿಗಾಗಿ ಕಾಯಿದೆ ಮುರಿದು, ಬಳಿಕ ಕರ ಕೊಡದೆ ಹೊಲಮನೆ ಕಳೆದುಕೊಂಡ ಅಂಕೋಲೆಯ ಜನರಿಗೆ, ಕಾಯಿದೆಯೆಲ್ಲವೂ ನ್ಯಾಯವಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಇನ್ನು ಈ ಕಲಮಿನ ನಡೆಯನ್ನು ನೋಡಿರಿ. ಒಬ್ಬ ಮ್ಯಾಜಿಸ್ಟ್ರೇಟರೂ ಇಬ್ಬರು ಸಮಾಜಸೇವಕರೂ ಕೂಡಿದ ಬಾಲನ್ಯಾಯ ಮಂಡಳಿಯು ಮೂರು ತಿಂಗಳೊಳಗೆ ಹುಡುಗನ ಮನಸ್ಸನ್ನು ಅಳೆಯಬೇಕು: ಕೃತ್ಯವೆಸಗುವ ದೈಹಿಕ, ಮಾನಸಿಕ ಸಾಮರ್ಥ್ಯ ಅವನಿಗಿತ್ತೆ, ಪರಿಣಾಮದ ಅರಿವಿತ್ತೆ ಎಂದು. ಕೃತ್ಯವನ್ನು ಅವನು ಮಾಡಿದನೋ ಇಲ್ಲವೋ ಎಂಬುದು ಸಿದ್ಧವಾಗುವ ಮೊದಲೇ ಈ ಅಳತೆ! ಎಂದೋ ಕಳೆದ ಒಂದು ಗಳಿಗೆಯಲ್ಲಿ ಹುಡುಗನ ಮನಸ್ಸು ಹೇಗಿತ್ತೆಂದು ಇಂದು ತೂಗಬಲ್ಲ ತಕ್ಕಡಿ ಯಾವುದು? ಇದು ನಾಜೂಕಿನ ಕೆಲಸವೆಂದು ಕಂಡೇ 2022ರಲ್ಲಿ ಸುಪ್ರೀಂ ಕೋರ್ಟು, ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಬಲ್ಲವರಿಲ್ಲದಿದ್ದರೆ ತಜ್ಞರ ಸಹಾಯ ಪಡೆಯಲೇಬೇಕೆಂದು ವಿಧಿಸಿತು.

ಹಾನಿಯು ಸೆರೆವಾಸದೊಂದಿಗೆ ಮುಗಿಯುವದಿಲ್ಲ. ಇತರ ಬಾಲಾಪರಾಧಿಗಳಿಗೆ ಹಳೆಯ ಕಲಂಕವು ಮುಂದೆ ಅಡ್ಡ ಬರಲಾಗದೆಂದು 24ನೆಯ ಕಲಮು ಅಭಯ ಕೊಟ್ಟಿದೆ. ಪ್ರಾಯಸ್ಥನೆಂದು ವಿಚಾರಿಸಲ್ಪಟ್ಟು ತಪ್ಪಿತಸ್ಥನಾದವನಿಗೆ ಆ ಅಭಯವಿಲ್ಲ. ಸೀಬರ್ಡ್ ನೌಕಾನೆಲೆಗಾಗಿ ನೆಲ ಬಿಟ್ಟುಕೊಟ್ಟ ಈ ಕರಾವಳಿಯಲ್ಲಿ ತರುಣರ ಆಸೆಯೆಲ್ಲ ಆ ನೆಲೆಯ ಮೇಲೆ, ಇಲ್ಲವೆ ಕೈಗಾದ ಸ್ಥಾವರದ ಮೇಲೆ. ಪೋಲೀಸರ ದಾಖಲೆ ನೋಡದೆ ಆ ಬಾಗಿಲುಗಳು ತೆರೆಯಲಾರವು. ಹದಿನೇಳರ ಒಂದು ತಪ್ಪಿಗೆ ನಲವತ್ತರವರೆಗೂ ಬಾಗಿಲು ಮುಚ್ಚಿದ್ದರೆ ಅವನು ಯಾವ ಬಾಗಿಲನ್ನು ತಟ್ಟಬೇಕು?

ಘೋರ ಕೃತ್ಯ ಮಾಡಿದವನು ವಯಸ್ಸಿನ ಮರೆಯಲ್ಲಿ ಪಾರಾಗಬೇಕೇ ಎಂಬ ಪ್ರಶ್ನೆಯನ್ನು ನಾವು ಹಗುರಾಗಿ ಕಾಣುವದಿಲ್ಲ. ನೊಂದವರ ದುಃಖಕ್ಕೆ ವಯಸ್ಸಿನ ಲೆಕ್ಕವಿಲ್ಲ. 2024ರ ಮೇ ತಿಂಗಳಲ್ಲಿ ಪುಣೆಯಲ್ಲಿ ಕಾರು ಹಾಯಿಸಿ ಇಬ್ಬರ ಪ್ರಾಣಕ್ಕೆರವಾದ ಶ್ರೀಮಂತರ ಮಗನಿಗೆ ಪ್ರಬಂಧ ಬರೆಯುವ ಕರಾರಿನ ಮೇಲೆ ಜಾಮೀನು ದೊರೆತಾಗ ಜನರು ಕೆರಳಿದ್ದು ಸಹಜವೇ. ಆದರೆ ಅಲ್ಲಿ ಹೇಸಿಗೆ ತರಿಸಿದ್ದು ಹಣದ ಬಲ, ಹುಡುಗನ ವಯಸ್ಸಲ್ಲ. ಹಣದ ಬಲಕ್ಕೆ ಕಡಿವಾಣ ಹಾಕಲು ಕಾಯಿದೆಗಳುಂಟು. ಆ ಸಿಟ್ಟನ್ನು ವಕೀಲರನ್ನಿಡಲಾರದ ಬಡವರ ಮಕ್ಕಳ ಮೇಲೆ ತೀರಿಸುವದು ಅನ್ಯಾಯ. ಹುಡುಗನನ್ನು ಶಿಕ್ಷಿಸಬಾರದೆಂದು ನಾವು ಹೇಳುವದಿಲ್ಲ. ವಿಶೇಷ ಗೃಹದಲ್ಲಿ ಮೂರು ವರ್ಷದವರೆಗೆ ಇರಿಸಿ ವಿದ್ಯೆ, ಕಸಬು, ಮನಸ್ಸಿನ ಚಿಕಿತ್ಸೆಗಳನ್ನು ಕಟ್ಟುನಿಟ್ಟಾಗಿ ಕೊಡುವದು ಮುದ್ದು ಮಾಡುವದಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ನಮ್ಮ ಗಾದೆಯು ಗಿಡವನ್ನು ಬಗ್ಗಿಸಲು ಹೇಳುತ್ತದೆ, ಕಡಿಯಲು ಹೇಳುವದಿಲ್ಲ.

ಆದಕಾರಣ 15ನೆಯ ಕಲಮನ್ನು ತೆಗೆದುಹಾಕಬೇಕೆಂದು ನಮ್ಮ ಜಿಲ್ಲೆಯ ಪ್ರತಿನಿಧಿಯು ಪಾರ್ಲಿಮೆಂಟಿನಲ್ಲಿ ಒತ್ತಾಯಿಸತಕ್ಕದ್ದು. ಹರೆಯದವರ ಪ್ರೇಮಪ್ರಕರಣಗಳ ಬಗೆಗೆ ಧಾರವಾಡದ ಹೈಕೋರ್ಟು ಪೀಠವೇ 2022ರಲ್ಲಿ ಕಾನೂನು ಆಯೋಗದ ಗಮನ ಸೆಳೆದಿದೆ. 2023ರಲ್ಲಿ ಆಯೋಗವು ಒಪ್ಪಿಗೆಯ ವಯಸ್ಸನ್ನು ಇಳಿಸಲು ಸಮ್ಮತಿಸದಿದ್ದರೂ ಇಂಥ ಪ್ರಕರಣಗಳಲ್ಲಿ ನ್ಯಾಯಾಧೀಶರ ವಿವೇಚನೆಗೆ ಎಡೆಯಿರಬೇಕೆಂದಿದೆ. ಅಷ್ಟನ್ನಾದರೂ ಕಾಯಿದೆಯಾಗಿ ಮಾಡಲಿ.

ಅಲ್ಲಿಯವರೆಗೆ ಊರವರ ಕೈಯಲ್ಲಿಯೂ ಕೆಲಸವಿದೆ. ಹದಿನೆಂಟರೊಳಗಿನವನನ್ನು ಲಾಕಪ್ಪಿನಲ್ಲಿಡಕೂಡದು, ಇಪ್ಪತ್ತನಾಲ್ಕು ತಾಸಿನೊಳಗೆ ಮಂಡಳಿಯ ಮುಂದೆ ಒಯ್ಯಬೇಕು ಎಂಬುದನ್ನು ಪ್ರತಿಯೊಬ್ಬ ತಾಯಿಯೂ ತಿಳಿದಿರಲಿ. ವಯಸ್ಸಿಗೆ ಮೊದಲ ಸಾಕ್ಷಿ ಶಾಲೆಯ ದಾಖಲೆ; ಅದನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿಡಲಿ. ಬಡವರಿಗೆ ಉಚಿತ ವಕೀಲರನ್ನು ಕೊಡುವ ಹೊಣೆಯು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ್ದೆಂಬುದನ್ನು ಪಂಚಾಯತಿಗಳು ಗ್ರಾಮಸಭೆಯಲ್ಲಿ ಓದಿ ಹೇಳಲಿ. ಆಗ ಹಟ್ಟಿಕೇರಿಯ ಹುಡುಗನು ಮಂಡಳಿಯ ಎದುರು ನಿಂತ ದಿನ ಒಂಟಿಯಾಗಿ ನಿಂತಿರಲಾರನು.