ರನ್ನನ ದುರ್ಯೋಧನನೂ ನಮ್ಮವರ ಚಪ್ಪಾಳೆಯೂ

ಈಚೆಗೆ ಬಾಗಲಕೋಟೆಯ ಒಂದು ಸಭೆಯಲ್ಲಿ ವಿದ್ವಾಂಸರೊಬ್ಬರು, ಗದಾಯುದ್ಧದ ನಿಜವಾದ ನಾಯಕನು ದುರ್ಯೋಧನನೇ ಹೊರತು ಭೀಮನಲ್ಲ, ಭೀಮನು ಕವಿಯ ಹೊಟ್ಟೆಪಾಡಿನ ನಾಯಕನು ಎಂದು ಘಂಟಾಘೋಷವಾಗಿ ಸಾರಿದರು. ಸಭಿಕರು ಚಪ್ಪಾಳೆಯಿಕ್ಕಿದರು. ನಾವೂ ಅಲ್ಲಿದ್ದೆವು, ನಮ್ಮ ಕೈ ಏಳಲಿಲ್ಲ. ಏಕೆ ಏಳಲಿಲ್ಲವೆಂಬುದನ್ನು ವಾಚಕ ಮಹಾಶಯರ ಮುಂದಿಡಲು ಈ ನಾಲ್ಕು ಮಾತು.

ರನ್ನನು ನಮ್ಮವನು. ಇಂದು ನಮ್ಮ ಜಿಲ್ಲೆಗೆ ಸೇರಿರುವ ಮುಧೋಳದಲ್ಲಿ, ಬಳೆಗಾರರ ಕುಲದಲ್ಲಿ, ಕ್ರಿ.ಶ. 949ರಲ್ಲಿ ಹುಟ್ಟಿ, ಚಾಲುಕ್ಯ ತೈಲಪನಿಂದ ಕವಿಚಕ್ರವರ್ತಿಯೆನಿಸಿಕೊಂಡವನು. ಆದರೆ ನಮ್ಮವನೆಂಬ ಅಭಿಮಾನದಿಂದ ಅವನ ಗುಣವನ್ನು ಹಿಗ್ಗಿಸುವದೂ ದೋಷವನ್ನು ಮುಚ್ಚುವದೂ ವಿಮರ್ಶೆಯಾಗಲಾರದು.

ಪೂರ್ವಪಕ್ಷದವರಿಗೆ ಬಲವಿಲ್ಲವೆಂದು ನಾವು ಹೇಳುವದಿಲ್ಲ, ಬಲವು ಬಹಳವಾಗಿರುವದು. ಹೆಣಗಳ ಮೇಲೆ ಕಾಲಿಡುತ್ತ, ಸಂಜಯನ ಹೆಗಲು ಹಿಡಿದು ಕುರುಪತಿಯು ರಣರಂಗದಲ್ಲಿ ನಡೆಯುವ ಭಾಗಕ್ಕೆ ಸಮನಾದದ್ದು ಕನ್ನಡದಲ್ಲಿ ವಿರಳ. ಶತ್ರುವಿನ ಮಗನಾದ ಅಭಿಮನ್ಯುವಿನ ಹೆಣದ ಮುಂದೆ ನಿಂತು, ತನಗೂ ಇಂಥ ಮರಣವು ದೊರೆಯಲೆಂದು ಬೇಡುವನು. ದುಶ್ಶಾಸನನನ್ನು ಕಂಡು, ಹಾಲು ಕುಡಿಯುವದರಿಂದ ಮೊದಲಾಗಿ ಎಲ್ಲದರಲ್ಲಿಯೂ ಅಣ್ಣನ ಹಿಂದೆ ಬಂದ ತಮ್ಮನು ಸಾವಿನಲ್ಲಿ ಮಾತ್ರ ಮುಂದಾದನಲ್ಲಾ ಎಂದು ಮರುಗುವನು. ಕರ್ಣನ ಜನ್ಮರಹಸ್ಯವು ತನಗೆ ಗೊತ್ತಿತ್ತೆಂಬುದನ್ನು ಗೆಳೆಯನ ಶವದೆದುರು ಆಡುವನು. ಅದ್ಭುತವೂ ಅಲ್ಲಿ ಬೇಕಾದಷ್ಟಿದೆ: ರಣಭೂಮಿಯ ಮರುಳುಗಳು ಅರಸನನ್ನೇ ಮೂದಲಿಸುವವು, ಜಲಸ್ತಂಭದ ಮಂತ್ರದಿಂದ ಅವನು ವೈಶಂಪಾಯನ ಸರೋವರದಲ್ಲಿ ಅಡಗುವನು, ಕುರುರಾಜನನ್ನು ಬಿಟ್ಟು ಹೊರಟ ಲಕ್ಷ್ಮಿಯನ್ನು ಅಶ್ವತ್ಥಾಮನು ಅಡ್ಡಗಟ್ಟಿ ಮರಳಿಸುವನು. ಈ ಮಾಯಾಲೋಕದ ನಡುವೆ ಮನುಷ್ಯನ ದುಃಖವು ಮಾತ್ರ ಮಾಯೆಯಾಗದೆ ಉಳಿದಿರುವದು ಕವಿಯ ಸಾಮರ್ಥ್ಯವು.

ಇದನ್ನು ಕಂಡೇ ಬಿ. ಎಂ. ಶ್ರೀಕಂಠಯ್ಯನವರು ಈ ಕಾವ್ಯದಿಂದ ‘ಗದಾಯುದ್ಧ ನಾಟಕಂ’ ಎಂಬ ದುರಂತ ನಾಟಕವನ್ನು ಹೊರತೆಗೆದರು. ಗ್ರೀಕರ ದುರಂತನಾಯಕನಲ್ಲಿ ದೊಡ್ಡತನವೂ ಇರುವದು, ಅವನನ್ನು ಕೆಡಹುವ ದೋಷವೂ ಇರುವದು. ನಮ್ಮ ಸಭಾಪಂಡಿತರು ದೊಡ್ಡತನವನ್ನು ಹೊತ್ತುಕೊಂಡು ಬಂದು, ದೋಷವನ್ನು ದಾರಿಯಲ್ಲಿಯೇ ಇಳಿಸಿಬಿಟ್ಟಿರುವರು! ದುರ್ಯೋಧನನು ನೆಲಕ್ಕಾಗಿ ಅಲ್ಲ, ಛಲಕ್ಕಾಗಿ ಕಾದುವೆನೆಂದನು, ನಿಜ. ಆದರೆ ಆ ಛಲಕ್ಕೆ ತೆತ್ತವರು ಯಾರು? ಅವನು ಸುರಿಸಿದ ಕಣ್ಣೀರೆಲ್ಲ ಬಹುಮಟ್ಟಿಗೆ ತನ್ನವರಿಗಾಗಿ. ಅದರಲ್ಲಿ ದ್ರೌಪದಿಯ ಪಾಲೆಷ್ಟು? ಕಾವ್ಯದ ಮೊದಲ ಆಶ್ವಾಸದಲ್ಲಿಯೇ ಆಕೆಯು ಬಿಚ್ಚಿದ ಮುಡಿಯೊಡನೆ ಬಂದು ಭೀಮನನ್ನು ಕೆಣಕುವಳು. ಕವಿಯು ಸುಮ್ಮನೆ ಆಕೆಯನ್ನು ಅಲ್ಲಿ ನಿಲ್ಲಿಸಿಲ್ಲ. ಬಳೆಗಾರರ ಮನೆಯ ಮಗನು, ಮುಂದೆ ಎಷ್ಟು ಅಳಿಸಿದರೂ, ಆ ಮುಡಿಯನ್ನು ಮರೆತಾನೆಂದು ನಮಗೆ ತೋರದು.

ರನ್ನನಲ್ಲಿ ದೋಷಗಳು ಇಲ್ಲವೆಂದಲ್ಲ. ತೈಲಪನ ಮಗನಾದ ಸತ್ಯಾಶ್ರಯ ಇರಿವಬೆಡಂಗನನ್ನು ಭೀಮನಲ್ಲಿ ಕಾಣಿಸಬೇಕೆಂಬ ಹಟದಿಂದ ಹೊಗಳಿಕೆಯು ಅಲ್ಲಲ್ಲಿ ಕಥೆಯ ಕಾಲಿಗೆ ತೊಡರುವದು. ಕೊನೆಗೆ ಧರ್ಮರಾಯನಿರಲು ಭೀಮನಿಗೆ ಪಟ್ಟ ಕಟ್ಟಿಸುವದು ಆಶ್ರಯದಾತನ ಋಣವೇ ಹೊರತು ಕಾವ್ಯದ ಅವಶ್ಯಕತೆಯಲ್ಲ. ಭೀಮನ ಆರ್ಭಟೆಯಂತೂ ನಮ್ಮ ಸೀಮೆಯ ದೊಡ್ಡಾಟದ ರಾಜವೇಷದಂತೆ, ಮೊದಲ ಕುಣಿತಕ್ಕೆ ರೋಮಾಂಚ, ಹತ್ತನೆಯದಕ್ಕೆ ಆಕಳಿಕೆ. ತೊಡೆಗೆ ಹೊಡೆದು, ಬಿದ್ದವನ ಮಕುಟವನ್ನು ಒದೆಯುವವನನ್ನು ನಿಷ್ಕಳಂಕನೆನ್ನಲು ನಾವೂ ಒಡಂಬಡೆವು. ಆದರೆ ಭೀಮನಲ್ಲಿ ಕುಂದಿದೆಯೆಂದ ಮಾತ್ರಕ್ಕೆ ದುರ್ಯೋಧನನ ಕುಂದು ಅಳಿಯುವದೆಂಬುದು ಯಾವ ತರ್ಕವು?

ಈ ಮಾತು ಹಳೆಯ ಕಾವ್ಯಕ್ಕಷ್ಟೇ ಅಲ್ಲ. ಇಂದು ಇಳಕಲ್ಲಿನಲ್ಲಾಗಲಿ ಹುನಗುಂದದಲ್ಲಾಗಲಿ ಓದುವ ಹುಡುಗರು ಕೈಯ ಫೋನಿನಲ್ಲಿ ಜಪಾನಿನ ‘ಆನಿಮೆ’ ಎಂಬ ಚಿತ್ರಮಾಲಿಕೆಗಳನ್ನು ನೋಡುವರು. ಹಿರಿಯರು ಅವನ್ನು ಬೊಂಬೆಯಾಟವೆಂದು ಜರೆಯುವರು. 2013ರಿಂದ 2023ರವರೆಗೆ ಬಂದ ‘ಅಟ್ಯಾಕ್ ಆನ್ ಟೈಟನ್’ ಎಂಬುದನ್ನು ನಾವು ಮನೆಯ ಹುಡುಗರೊಡನೆ ಕುಳಿತು ನೋಡಿದೆವು. ದೈತ್ಯನ ಬಾಯಿಗೆ ತಾಯಿಯನ್ನು ಕಳೆದುಕೊಂಡ ಏರೆನ್ ಎಂಬ ಬಾಲಕನು, ಬೆಳೆದು, ತಾನೇ ಲೋಕವನ್ನು ತುಳಿಸಲು ಹೊರಡುವನು. ಅವನ ಛಲವು ಹೇಗೆ ಹುಟ್ಟಿತೆಂಬುದನ್ನು ತೋರಿಸುವಲ್ಲಿ ಆ ಕೃತಿಯು ಸಮರ್ಥವಾಗಿದೆ. ಕೊನೆಗೆ ಅವನ ಗೆಳೆಯರ ಮರುಕವು ಕ್ಷಮೆಯ ಅಂಚಿನವರೆಗೆ ಜಾರುವದು ಅದರ ದೌರ್ಬಲ್ಯವು. ಆದರೂ ಅವನನ್ನು ಪ್ರೀತಿಸಿದವಳೇ ಅವನನ್ನು ಕೊಲ್ಲುವಳು. ಪ್ರೀತಿಯನ್ನೂ ತೀರ್ಪನ್ನೂ ಒಂದೇ ಕೈಯಲ್ಲಿ ಹಿಡಿಯಬೇಕಾದ ಈ ಕಷ್ಟವು ನಮ್ಮ ಹುಡುಗರಿಗೆ ತಿಳಿದಿದೆ. ಚಪ್ಪಾಳೆಯಿಕ್ಕಿದ ಹಿರಿಯರಿಗೆ ತಿಳಿದಂತಿಲ್ಲ.

ಸಭೆಯ ಪಂಡಿತರು ಗದಾಯುದ್ಧದ ಕಡೆಯ ಭಾಗವನ್ನು ಮತ್ತೊಮ್ಮೆ ಓದಲಿ. ಪಾಂಡವರ ತಲೆಗಳೆಂದು ನಂಬಿ ಅಶ್ವತ್ಥಾಮನು ತಂದೊಪ್ಪಿಸಿದವು ಅವರ ಎಳೆಯ ಮಕ್ಕಳ ತಲೆಗಳು. ತೊಡೆ ಮುರಿದು ಬಿದ್ದಿರುವ ದುರ್ಯೋಧನನು ಅವನ್ನು ಗುರುತಿಸಿ, ಶಿಶುಹತ್ಯೆಯಾಯಿತಲ್ಲಾ ಎಂದು ನೋಯುವನು. ತನ್ನ ಪಕ್ಷದವನೇ ಮಾಡಿದ ಕೃತ್ಯವನ್ನು ಪಾಪವೆಂದು ಕರೆಯುವ ಶಕ್ತಿಯು ಸಾಯುವ ಅವನಲ್ಲಿತ್ತು.