ಡಿಸ್ಕ್ ಒಂದಲ್ಲ, ಎರಡಿರಲಿ

ಮಗಳ ನಾಮಕರಣದ ಚಿತ್ರಗಳು, ಗತಿಸಿದ ತಂದೆಯ ಧ್ವನಿ, ಜಮೀನಿನ ದಾಖಲೆ, ಮಕ್ಕಳ ಅಂಕಪಟ್ಟಿ. ಒಂದು ಕಾಲಕ್ಕೆ ಬೀರುವಿನ ಬೇರೆ ಬೇರೆ ಅರೆಗಳಲ್ಲಿದ್ದ ಇವೆಲ್ಲ ಈಗ ಅಂಗೈಯಗಲದ ಪೆಟ್ಟಿಗೆಯೊಂದರಲ್ಲಿ ಅಡಗಿವೆ. ಆದ್ದರಿಂದಲೇ ಬೆಂಗಳೂರಿನ ಎಸ್.ಪಿ. ರಸ್ತೆಗೆ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಕೊಳ್ಳಲು ಹೋದವರು ಮೊದಲು ಕೇಳುವುದು, 'ಯಾವ ಕಂಪನಿಯದು ಕೆಡುವುದಿಲ್ಲ?' ಎಂದು. ಪ್ರಶ್ನೆ ಸಹಜವಾದುದೇ. ಆದರೆ ಕೆಡದ ಡಿಸ್ಕನ್ನು ಯಾವ ಕಂಪನಿಯೂ ಇದುವರೆಗೆ ತಯಾರಿಸಿಲ್ಲ.

ಹಾರ್ಡ್‌ಡಿಸ್ಕ್ ಮೂಲತಃ ಒಂದು ಯಂತ್ರ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ತಟ್ಟೆಗಳ ಮೇಲೆ, ಕೂದಲೆಳೆಯ ದಪ್ಪಕ್ಕಿಂತಲೂ ಎಷ್ಟೋ ಪಟ್ಟು ಕಿರಿದಾದ ಅಂತರದಲ್ಲಿ, ಓದಿ ಬರೆಯುವ ಸೂಕ್ಷ್ಮ ಭಾಗವೊಂದು ತೇಲುತ್ತಿರುತ್ತದೆ. ಓಡುತ್ತಿರುವಾಗ ಒಮ್ಮೆ ಮೇಜಿನಿಂದ ಕೆಳಗೆ ಬಿದ್ದರೂ ಅದರ ಆಯುಷ್ಯ ಮುಗಿಯಬಹುದು. ಕೆಡುವ ಮುನ್ನ ಅದು ಎಚ್ಚರಿಸುತ್ತದೆಂಬ ಭರವಸೆಯೂ ಇಲ್ಲ. 2007ರಲ್ಲಿ ಗೂಗಲ್ ಸಂಸ್ಥೆಯ ಎಂಜಿನಿಯರುಗಳು ತಮ್ಮಲ್ಲಿದ್ದ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಅಧ್ಯಯನ ಪ್ರಕಟಿಸಿದರು. ಕೆಟ್ಟುಹೋದವುಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನವು, ತಮ್ಮೊಳಗಿನ ಸ್ವಯಂ ತಪಾಸಣಾ ವ್ಯವಸ್ಥೆಯಲ್ಲಿ ಯಾವ ದೋಷವನ್ನೂ ತೋರಿರಲಿಲ್ಲ.

ಇನ್ನು ಕಂಪನಿಯ ಹೆಸರು. ಜಗತ್ತಿನ ಹಾರ್ಡ್‌ಡಿಸ್ಕ್‌ಗಳನ್ನು ಇಂದು ತಯಾರಿಸುತ್ತಿರುವುದು ಸೀಗೇಟ್, ವೆಸ್ಟರ್ನ್ ಡಿಜಿಟಲ್ ಮತ್ತು ತೋಷಿಬಾ ಎಂಬ ಮೂರೇ ಕಂಪನಿಗಳು. ಅಮೆರಿಕದ ಬ್ಯಾಕ್‌ಬ್ಲೇಜ್ ಸಂಸ್ಥೆ ತನ್ನ ಡಿಸ್ಕ್‌ಗಳ ಲೆಕ್ಕವನ್ನು ಹತ್ತು ವರ್ಷಕ್ಕೂ ಮೇಲ್ಪಟ್ಟು ಬಹಿರಂಗವಾಗಿ ಪ್ರಕಟಿಸುತ್ತಿದೆ. ಇತ್ತೀಚಿನ ವರ್ಷಗಳಲ್ಲಿ ಕೆಡುವ ಪ್ರಮಾಣ ಒಟ್ಟಾರೆ ವರ್ಷಕ್ಕೆ ಶೇ 1ರಿಂದ 2ರ ನಡುವೆ ಇದೆ. ಒಂದೇ ಕಂಪನಿಯ ಒಂದು ಮಾದರಿ ಗಟ್ಟಿ, ಇನ್ನೊಂದು ದುರ್ಬಲ ಎಂಬುದನ್ನೂ ಆ ಲೆಕ್ಕ ತೋರಿಸುತ್ತದೆ. ಅವೂ ತಂಪುಕೋಣೆಯಲ್ಲಿ ಕದಲದೆ ಕೂತ ಡಿಸ್ಕ್‌ಗಳು. ಬಸ್ಸು ರೈಲುಗಳಲ್ಲಿ ಕೈಚೀಲದೊಳಗೆ ಅಲೆಯುವಂಥವಲ್ಲ. ಹಾಗಿರುವಾಗ ಹೆಸರನ್ನು ನಂಬಿ ಹೆಚ್ಚು ಹಣ ತೆರುವುದರಲ್ಲಿ ಅರ್ಥವೇನು? ವಾರಂಟಿ ಎಷ್ಟೇ ವರ್ಷದ್ದಿರಲಿ, ಕಂಪನಿ ಬದಲಿಸಿಕೊಡುವುದು ಡಿಸ್ಕನ್ನೇ ಹೊರತು ಅದರಲ್ಲಿದ್ದ ಚಿತ್ರಗಳನ್ನಲ್ಲ.

ನಾಶವಾಗುವ ವಸ್ತುವಿನ ಮೇಲೆ ನಾಶವಾಗಬಾರದ್ದನ್ನು ಬರೆದಿಡುವ ಸಮಸ್ಯೆ ಕನ್ನಡಕ್ಕೆ ಹೊಸದಲ್ಲ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ 'ಶಾಂತಿಪುರಾಣ'ವನ್ನು ಉಳಿಸಲು ಹೊರಟಾಗ ಹುಳು ತಿನ್ನದ ತಾಳೆಗರಿಯನ್ನು ಹುಡುಕಲಿಲ್ಲ. ಸಾವಿರ ಪ್ರತಿ ಮಾಡಿಸಿ ಹಂಚಿದಳು. ಮನೆಯ ದಾಖಲೆಗೆ ಅಷ್ಟು ಬೇಡ, ಎರಡು ಪ್ರತಿ ಸಾಕು.

ಆದ್ದರಿಂದ ಕೈಯಲ್ಲಿರುವ ಹಣದಲ್ಲಿ 4 ಟಿಬಿಯ ಒಂದು ಡಿಸ್ಕ್ ಕೊಳ್ಳುವ ಬದಲು, 1 ಅಥವಾ 2 ಟಿಬಿಯ ಎರಡು ಸಾಧಾರಣ ಡಿಸ್ಕ್ ಕೊಳ್ಳುವುದು ಜಾಣತನ. ಎರಡೂ ಬೇರೆ ಬೇರೆ ಕಂಪನಿಯವಾಗಿರಲಿ. ಒಂದು ಮನೆಯಲ್ಲಿ, ಇನ್ನೊಂದು ಊರಿನಲ್ಲಿರುವ ಅಣ್ಣನ ಮನೆಯಲ್ಲೋ ಬ್ಯಾಂಕ್ ಲಾಕರಿನಲ್ಲೋ ಇರಲಿ. ಕಳವು, ಬೆಂಕಿ, ಮಳೆನೀರು ಡಿಸ್ಕ್‌ನ ಗುಣಮಟ್ಟ ನೋಡಿ ಬರುವುದಿಲ್ಲ. ಎಸ್‌ಎಸ್‌ಡಿ ಬಿದ್ದರೆ ತಡೆದೀತು, ನಿಜ. ಆದರೆ ಅದರ ಬೆಲೆ ಹೆಚ್ಚು, ಮೇಲಾಗಿ ವರ್ಷಗಟ್ಟಲೆ ವಿದ್ಯುತ್ ಸಂಪರ್ಕವಿಲ್ಲದೆ ಬೀರುವಿನಲ್ಲಿ ಕೂತರೆ ಅದರೊಳಗಿನ ಮಾಹಿತಿ ಮಾಸುವ ಅಪಾಯವಿದೆ. ಕ್ಲೌಡ್ ಸೇವೆ ಮುಖ್ಯ ಕಾಗದಪತ್ರಗಳ ಮೂರನೆಯ ಪ್ರತಿಗೆ ಒಳ್ಳೆಯದು. ಎಲ್ಲವನ್ನೂ ಅಲ್ಲಿಡಹೊರಟರೆ ಬಾಡಿಗೆ ಮುಗಿಯುವುದೇ ಇಲ್ಲ.

ಅಗ್ಗವೆಂದು ಮೋಸಹೋಗಲೂಬಾರದು. ಆನ್‌ಲೈನ್‌ನಲ್ಲಿ ಒಂದೆರಡು ಸಾವಿರ ರೂಪಾಯಿಗೆ ಸಿಗುವ '16 ಟಿಬಿ' ಪೆಟ್ಟಿಗೆಗಳೊಳಗೆ ಸಣ್ಣದೊಂದು ಮೆಮೊರಿ ಕಾರ್ಡ್ ಕೂತಿರುತ್ತದೆ. ಅದು ತುಂಬಿದ ಮೇಲೆ ಬರೆದದ್ದೆಲ್ಲ ಮಾಯ. ಬಿಲ್ ಪಡೆದು, ಅಧಿಕೃತ ಮಾರಾಟಗಾರರಲ್ಲೇ ಕೊಳ್ಳಬೇಕು. ಮೊದಲ ವಾರವೇ ಡಿಸ್ಕನ್ನು ಪೂರ್ತಿ ತುಂಬಿಸಿ, ಕಡತಗಳನ್ನು ತೆರೆದು ನೋಡಬೇಕು. ವರ್ಷಕ್ಕೆರಡು ಬಾರಿಯಾದರೂ ಎರಡನ್ನೂ ಹೊರತೆಗೆದು ಪರೀಕ್ಷಿಸಬೇಕು.

ಡಿಸ್ಕ್ ಕೆಟ್ಟ ಮೇಲೆ ಮಾಹಿತಿ ಹೊರತೆಗೆಸುವ ಖರ್ಚು ಹೊಸ ಡಿಸ್ಕ್‌ನ ಬೆಲೆಯನ್ನು ಎಷ್ಟೋ ಪಟ್ಟು ಮೀರಬಹುದು. ತಟ್ಟೆಯೇ ಗೀರಿಹೋಗಿದ್ದರೆ ಎಷ್ಟು ಹಣ ಸುರಿದರೂ ಫಲವಿಲ್ಲ. ಆ ಖರ್ಚಿನ ಒಂದಂಶವನ್ನು ಇಂದೇ ಎರಡನೆಯ ಡಿಸ್ಕ್‌ಗೆ ಹಾಕುವುದು ಮಧ್ಯಮ ವರ್ಗದ ಜೇಬಿಗೂ ಎಟುಕುವ ವಿಮೆ.